ಶರಫುದ್ದೀನನ ಗಾಡಿಯ ಗಾಜು ಏರಿಸಿದ ದಿನ

ಶರಫುದ್ದೀನನ ಬಗ್ಗೆ ಹೇಳಬೇಕೆಂದರೆ ಮೊದಲು ಅವನ ಕಾಲಿನ ಬಗ್ಗೆ ಹೇಳಬೇಕು. ಆ ಕಾಲು ಒಂದು ಕಡೆ ನಿಂತದ್ದನ್ನು ನಾನಂತೂ ನೋಡಿಲ್ಲ. ಅಫಜಲಪುರದ ಮೋಟಾರು ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳು ಬೇವಿನ ಮರದ ಕೆಳಗೆ ಇಸ್ಪೀಟು ಹಾಕಿಕೊಂಡು ಕುಳಿತರೆ ಇವನು ತನ್ನ ಗಾಡಿಯ ಸುತ್ತ ತಿರುಗುತ್ತಲೇ ಇರುತ್ತಿದ್ದ. ಟೈರು ಒದ್ದು ನೋಡುವುದು, ಕನ್ನಡಿ ಒರೆಸುವುದು, ಇಷ್ಟೇ. ಚಹಾ ಕೂಡ ನಿಂತೇ ಕುಡಿಯುತ್ತಿದ್ದ. ಅವನ ಹೆಂಡತಿ ಜೈತುನಬಿ ನಮ್ಮ ಮನೆಗೆ ಬಂದಾಗ ನಗುತ್ತಿದ್ದಳು: "ನಮ್ಮವರು ಮಕ್ಕೊಂಡಾಗೂ ಗೇರ್ ಹಾಕ್ತಾರ್ರಿ ಅಕ್ಕಾ."

ಶರಫುದ್ದೀನನ ಅಪ್ಪ ಪಿಂಜಾರ, ಹತ್ತಿ ಹಿಂಜಿ ಗಾದಿ ಮಾಡುವವ. ನನ್ನ ಮದುವೆಯ ಗಾದಿ ಅವನ ಕೈಯದೇ. ಇನ್ನೂ ಇದೆ ಅದು, ಈಗಿನ ಗಾದಿಗಳು ಎರಡು ವರ್ಷಕ್ಕೆ ಗಂಟು ಕಟ್ಟುತ್ತವೆ, ಇರಲಿ. ಮಗನಿಗೆ ಹತ್ತಿಯ ಧೂಳು ಆಗಿಬರಲಿಲ್ಲ. ಸೊಲ್ಲಾಪುರಕ್ಕೆ ಹೋಗಿ ಲಾರಿ ಕಲಿತ, ಬರುವಾಗ ಅಲ್ಲಿನ ಒಬ್ಬ ವಕೀಲನ ಹಳೆಯ ಅಂಬಾಸಿಡರ್ ತಂದ. ಕಪ್ಪು ಬಣ್ಣ. ನಮ್ಮ ಓಣಿಯ ಅರ್ಧ ಮಕ್ಕಳ ತಾಯಂದಿರು ಹೆರಿಗೆಗೆ ದವಾಖಾನೆ ಸೇರಿದ್ದು ಅದೇ ಗಾಡಿಯಲ್ಲಿ. ನನ್ನ ಮಗಳು ಶಾರದಾಬಾಯಿಯನ್ನು ಕರೆದೊಯ್ದದ್ದೂ ಅವನೇ.

ಆ ಗಾಡಿಯ ಒಂದು ಗುಟ್ಟು ಊರಿಗೆಲ್ಲ ಗೊತ್ತಿತ್ತು. ಕಿಟಕಿಯ ಗಾಜು ಇಳಿಸುವ ಹಿಡಿಕೆಗಳನ್ನು ಮಕ್ಕಳು ತಿರುವಿ ತಿರುವಿ ಮುರಿದು ಹಾಕಿದ್ದವು. ಉಳಿದದ್ದು ಒಂದೇ. ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಬೇಕಾದ ಬಾಗಿಲಿಗೆ ಹಚ್ಚಿ ತಿರುವಿ, ಮತ್ತೆ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಇನ್ನೊಂದು: ಹಿಂದಿನ ಬಾಗಿಲುಗಳು ಒಳಗಿನಿಂದ ತೆರೆಯುತ್ತಿರಲಿಲ್ಲ. ಅದನ್ನು ಬೇಕೆಂದೇ ಹಾಗೆ ಮಾಡಿಸಿದ್ದ. ಅತನೂರ ಹಾದಿಯಲ್ಲಿ ಯಾರದೋ ಜೀಪಿನ ಬಾಗಿಲು ತೆರೆದು ಹುಡುಗಿಯೊಬ್ಬಳು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದನಂತೆ. ಮಕ್ಕಳ ಮೇಲಿನ ಕಾಳಜಿಯಿಂದಲೇ ಮಾಡಿಸಿದ್ದು ಅದು.

ಎಂಬತ್ತಾರನೇ ಇಸವಿ, ವೈಶಾಖ ಮಾಸ. ಶಾರದಾಳ ಮಗ ಚಂದ್ರಾಮನಿಗೆ ಹನ್ನೊಂದು ತಿಂಗಳು. ಘತ್ತರಗಿಯ ಭಾಗ್ಯವಂತಿ ದೇವಿಗೆ ಜವಳ ಕೊಡುವ ಹರಕೆ ಇತ್ತು, ಅಂದರೆ ಹುಟ್ಟುಗೂದಲು ತೆಗೆಸುವುದು. ನಮ್ಮ ಪದ್ಧತಿಯಲ್ಲಿ ಆ ಹೊತ್ತಿಗೆ ಮಗುವನ್ನು ಎತ್ತಿ ತಂದು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ. ನನ್ನ ಮಗ ಗುರಣ್ಣ ಅದಕ್ಕೆಂದೇ ಹೊಸ ಧೋತರ ತಂದಿದ್ದ. ನನ್ನ ಅತ್ತೆ ನಿಂಬೆವ್ವನೂ ಹೊರಟಳು. ಲಕ್ವಾ ಹೊಡೆದು ಅವಳ ಬಲಗಡೆ ಪೂರಾ ಹೋಗಿತ್ತು, ಮಾತೂ ಹೋಗಿತ್ತು. ಆದರೆ ಬುದ್ಧಿ ಮಾತ್ರ ಚೂರಿಯ ಹಾಗೆ. ಬಿಟ್ಟು ಹೋಗುತ್ತಾರೆಂದು ತಿಳಿದರೆ ಎಡಗೈಯಿಂದ ಮಂಚ ಬಡಿದು ಮನೆ ಎಬ್ಬಿಸುತ್ತಿದ್ದಳು. ನನ್ನ ಯಜಮಾನರು ಶಾಂತಲಿಂಗಪ್ಪನವರೇ ತಾಯಿಯನ್ನು ಎತ್ತಿ ಗಾಡಿಯಲ್ಲಿ ಕೂರಿಸಿ, ತಾವು ಊರಲ್ಲೇ ಉಳಿದರು.

ಘತ್ತರಗಿ ಮುಟ್ಟಿದಾಗ ಹನ್ನೊಂದು ಗಂಟೆ. ಕ್ಷೌರ ಮಾಡುವ ಹಡಪದವರ ಮುಂದೆ ಆಗಲೇ ಹತ್ತು ಹನ್ನೆರಡು ಕೂಸುಗಳ ಸಾಲು. ಚಂದ್ರಾಮ ಹಾಲು ಕುಡಿದು ಗಾಡಿಯಲ್ಲೇ ನನ್ನ ಅತ್ತೆಯ ಮಗ್ಗುಲಲ್ಲಿ ನಿದ್ದೆ ಹೋಗಿದ್ದ. ಪಾಳಿ ಬಂದಾಗ ಮಾವನೇ ಎತ್ತಿ ತರುತ್ತಾನೆ, ಅಲ್ಲಿಯ ತನಕ ಮಲಗಲಿ ಎಂದು ನಾನೇ ಹೇಳಿದೆ. ಶಾರದಾ ಅನುಮಾನಿಸಿದಳು.

"ಎವ್ವಾ, ಎಬ್ಬಿಸಿ ಎತ್ಗೋತೇನಿ."

"ಎಬ್ಬಿಸಿದ್ರ ಕತ್ತಿ ಮುಂದ ಕಿರಿಕಿರಿ ಮಾಡ್ತಾನ. ಮುತ್ಯಾನ ಕಾಲದ ಮುದುಕಿ ಕುಂತಾಳ ಬಾಜೂಕ, ಏನ್ ಅಂಜಿಕಿ?"

ಗುರಣ್ಣ ಆಗಲೇ ಹೊಳೆಗೆ ಹೋಗಿದ್ದ, ಶಾರದಾ ಪಾಳಿ ಹಿಡಿಯಲು ಮುಂದೆ ನಡೆದಳು. ಹೊರಗೆ ಝಳ ಬಡಿಯುತ್ತಿತ್ತು, ಒಲೆಯ ಬಾಯಿಂದ ಊದಿದ ಹಾಗೆ. ನಮ್ಮ ಸೀಮೆಯ ಮನೆ ನೋಡಿದವರಿಗೆ ಗೊತ್ತು. ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಹತ್ತು ಗಂಟೆಗೇ ಬಾಗಿಲು ಕಿಟಕಿ ಮುಚ್ಚಿ, ಬಾಗಿಲಿಗೆ ಹಳೆ ಸೀರೆ ಹೊಲಿದ ಕೌದಿಯೊಂದನ್ನು ಇಳಿಬಿಟ್ಟರೆ ಒಳಗೆ ಬಾವಿಯ ತಂಪು. ಹುಟ್ಟಿದಾಗಿನಿಂದ ನಾನು ಕಲಿತದ್ದು ಅದೇ. ಝಳ ಬಂತೆಂದರೆ ಮುಚ್ಚು.

"ಶರಫು, ಗಾಜು ಪೂರಾ ಏರಸೋ ತಮ್ಮಾ. ಕೂಸಿಗಿ ಝಳ ಬಡೀತದ."

"ಸ್ವಲ್ಪ ಖುಲ್ಲಾ ಇರ್ಲಿ ಅಕ್ಕಾ, ಕರೀ ಗಾಡಿ ಅದ."

"ಗಾಡಿ ನಡಸೂದು ನಿನಗ ಗೊತ್ತು, ಕೂಸು ಸಾಕೂದು ನನಗ ಗೊತ್ತು. ಏರಸು ನೀ."

ಅವನು ಹಿಡಿಕೆ ತೆಗೆದು ನಾಲ್ಕೂ ಗಾಜು ಏರಿಸಿದ. ನಾನು ಬಿಸಿಲು ಬರುವ ಬದಿಯ ಎರಡು ಕಿಟಕಿಗಳಿಗೆ ಕೌದಿ ಸಿಕ್ಕಿಸಿದೆ. ಅತ್ತೆಯ ಕೈಗೆ ನೀರಿನ ಗಿಂಡಿ ಕೊಟ್ಟೆ. ಅವಳು ಎಡಗೈಯಿಂದ ನನ್ನ ಸೆರಗು ಹಿಡಿದಳು. ನಾನು ಬಿಡಿಸಿಕೊಂಡೆ. "ಈಗ ಬರ್ತೇವಿ ಅತ್ತಿ," ಅಂದೆ.

ಆ "ಈಗ" ಎಷ್ಟು ಹೊತ್ತಾಯಿತು ಎಂದು ಇವತ್ತಿಗೂ ಲೆಕ್ಕ ಹಾಕುತ್ತೇನೆ. ಗುರಣ್ಣ ಭೀಮಾ ಹೊಳೆಯಲ್ಲಿ ಮುಳುಗು ಹಾಕಲು ಹೋದವನು ಗೆಳೆಯರು ಸಿಕ್ಕರೆಂದು ಅಲ್ಲೇ ಈಜುತ್ತ ಉಳಿದ. ಸಾಲು ಮುಂದೆ ಸರಿಯಲೊಲ್ಲದು. ಶಾರದಾ ಎರಡು ಸಲ ಎದ್ದಳು. ಎರಡೂ ಸಲ ನಾನು ಕೂರಿಸಿದೆ. "ಮಾವ ತರ್ತಾನ, ನೀ ಹೋದ್ರ ಪಾಳಿ ತಪ್ತದ." ಅವಳ ರವಿಕೆ ಹಾಲಿನಿಂದ ನೆನೆಯುತ್ತಿತ್ತು. ಅದನ್ನು ನೋಡಿಯೂ ಕೂರಿಸಿದೆ ನಾನು.

ಶರಫುದ್ದೀನ ಚಹಾ ಅಂಗಡಿಗೆ ಹೋಗಿದ್ದನಂತೆ. ಅರ್ಧ ಕಪ್ಪು ಕುಡಿದು, ಎಂಜಿನ್ನಿಗೆ ಹಾಕಲು ಹೊಳೆಯಿಂದ ಒಂದು ಡಬ್ಬಿ ನೀರು ಹೊತ್ತು ತಂದ. ಅವನ ಕಾಲು ಸುಮ್ಮನಿರದಿದ್ದದ್ದೇ ನಮ್ಮ ಪುಣ್ಯ. ಗಾಡಿ ನಿಲ್ಲಿಸಿ ಅರ್ಧ ತಾಸಾಗಿತ್ತು, ತಣ್ಣಗಾಗಿರಬೇಕು ಎಂದು ಮುಂದಿನ ಮುಚ್ಚಳದ ಮೇಲೆ ಅಂಗೈ ಇಟ್ಟ. ಅಂಗೈ ಚುರ್ ಎಂದಿತು. ಆಗ ಒಳಗಿನಿಂದ ಟಕ್, ಟಕ್ ಎಂದು ಸಣ್ಣ ಸಪ್ಪಳ ಕೇಳಿಸಿತಂತೆ. ಅತ್ತೆ ಖಾಲಿ ಗಿಂಡಿಯಿಂದ ಬಾಗಿಲು ಬಡಿಯುತ್ತಿದ್ದಳು. ಎಷ್ಟು ಜನ ಆ ಗಾಡಿಯ ಪಕ್ಕದಲ್ಲೇ ಹಾದು ಹೋಗಿದ್ದರೋ. ಕೌದಿಯ ಹಿಂದೆ ಯಾರಿಗೆ ಏನು ಕಾಣಬೇಕು?

ಅವನ ಕೂಗಿಗೆ ನಾವು ಓಡಿ ಬಂದೆವು. ಬೇವಿನ ನೆರಳಿನಲ್ಲಿ ಚಂದ್ರಾಮ ಅವನ ತೊಡೆಯ ಮೇಲಿದ್ದ. ಮೈ ಕೆಂಪು, ಬೆವರಿಲ್ಲ, ಅಳುವಿಲ್ಲ, ಕುತ್ತಿಗೆ ಜೋತು ಬಿದ್ದಿದೆ. ಕೂದಲು ಮಾತ್ರ ಒದ್ದೆ. ಅತ್ತೆ ತನ್ನ ಕುಡಿಯುವ ನೀರನ್ನೆಲ್ಲ ಕೂಸಿನ ನೆತ್ತಿಗೆ ಸುರಿದಿದ್ದಳು. ಒಂದು ಗುಟುಕೂ ತಾನು ಕುಡಿದಿರಲಿಲ್ಲ. ಅವಳ ತುಟಿ ಬಿಳುಚಿ ಕಣ್ಣು ಮೇಲಕ್ಕೆ ಹೋಗಿತ್ತು. ಶರಫುದ್ದೀನ ತನ್ನ ಅಂಗಿ ತೋಯಿಸಿ ಕೂಸಿಗೆ ಸುತ್ತಿದ, ಉಳಿದ ನೀರು ಅತ್ತೆಯ ತಲೆಗೆ. "ಗಾಳಿ ಹಾಕ್ರೆವ್ವಾ! ನೋಡ್ತ ಏನ್ ನಿಂತೀರಿ!" ಎಂದು ನನ್ನ ಮೇಲೆ ಚೀರಿದ. ಅವನು ನನಗೆ ಗದರಿದ್ದು ಅದೊಂದೇ ಸಲ.

ಎಲ್ಲ ಗಾಜು ಇಳಿಸಿ, ಒದ್ದೆ ಸೀರೆ ಹೊದಿಸಿ, ಅಫಜಲಪುರದ ದವಾಖಾನೆಗೆ ಹೇಗೆ ಬಂದೆವೋ ಆ ತಾಯಿಗೇ ಗೊತ್ತು. ಹಾದಿಯುದ್ದಕ್ಕೂ ಶಾರದಾ ಒಂದೇ ಮಾತು ಕೇಳುತ್ತಿದ್ದಳು, "ಉಸಿರು ಅದನೇನ್? ಎವ್ವಾ, ಉಸಿರು ಅದನೇನ್?" ಉಸಿರು ಅವಳ ಕೆನ್ನೆಗೇ ತಾಗುತ್ತಿತ್ತು, ಆದರೂ ಕೇಳುತ್ತಿದ್ದಳು.

ಡಾಕ್ಟರು ಇಬ್ಬರಿಗೂ ಸಲೈನ್ ಹಚ್ಚಿದರು. ಸಂಜೆ ಚಂದ್ರಾಮ ಅತ್ತ. ಆ ಅಳು ಕೇಳಿ ನಾವೂ ಅತ್ತೆವು. ಡಾಕ್ಟರು ಹೇಳಿದರು: "ಗಾಜಿನ್ಯಾಗಿಂದ ಬಿಸಿಲು ಒಳಗ ಬರ್ತದ, ಕಾವು ಹೊರಗ ಹೋಗಂಗಿಲ್ಲ. ಅದೇನು ಮನೀ ಅಂತ ತಿಳಕೊಂಡ್ರೇನು? ಹತ್ತು ನಿಮಿಷಕ್ಕ ಒಲಿ ಆಗ್ತದ. ಗಾಜು ಏರಿಸಿದವ್ರು ಯಾರು?"

ಸುದ್ದಿ ಕೇಳಿ ದವಾಖಾನೆಗೆ ಓಡಿ ಬಂದಿದ್ದ ಯಜಮಾನರು ಶರಫುದ್ದೀನನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿದ. "ತಪ್ಪಾತ್ರಿ," ಅಂದ.

ನಾನು ಅಲ್ಲೇ ಇದ್ದೆ. ಬಾಯಿ ಇತ್ತು ನನಗೆ. ತೆರೆಯಲಿಲ್ಲ.

ಮರುದಿನ ಯಜಮಾನರು ಸ್ಟ್ಯಾಂಡಿನಲ್ಲಿ ನಿಂತು, ಕೂಸನ್ನು ಗಾಡಿಯಲ್ಲಿ ಕೀಲಿ ಹಾಕಿ ಚಹಾ ಕುಡಿಯಲು ಹೋದ ಮನುಷ್ಯ ಇವನು ಎಂದು ನಾಲ್ಕು ಜನರ ಮುಂದೆ ಬೈದು ಬಂದರು. ಊರಿಗೆ ಅಷ್ಟೇ ಸಾಕಾಯಿತು. ಅವನ ಗಾಡಿಗೆ ಯಾರೂ ಹತ್ತಲಿಲ್ಲ. ಇತ್ತ ಮನೆಗೆ ಬಂದ ಅತ್ತೆ ನನ್ನ ಕೈಯಿಂದ ನೀರು ಮುಟ್ಟಲಿಲ್ಲ. ಗಿಂಡಿ ತುಟಿಗೆ ಹಿಡಿದರೆ ಎಡಗೈಯಿಂದ ತಳ್ಳುತ್ತಿದ್ದಳು. ಶಾರದಾ ಕುಡಿಸಿದರೆ ಕುಡಿಯುತ್ತಿದ್ದಳು. ನನ್ನ ಹೊರತು ಯಾರಿಗೂ ಕಾರಣ ತಿಳಿಯಲಿಲ್ಲ. ನಾನು ಅಡಿಗೆಮನೆಗೂ ಪಡಸಾಲೆಗೂ ತಿರುಗಾಡಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು.

ಆರನೇ ದಿನ ಜೈತುನಬಿ ಒಂದು ಕಲ್ಲಂಗಡಿ ತಗೊಂಡು ಕೂಸನ್ನು ನೋಡಲು ಬಂದಳು. ಒಂದೂ ಕೆಟ್ಟ ಮಾತಾಡಲಿಲ್ಲ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಅಂದಳು: "ಅವ್ರು ಉಣವಲ್ರು ಅಕ್ಕಾ. ಗಾಡಿ ಕೊಟ್ಟಬಿಡ್ತಾರಂತ. ನಾಳಿ ಮುಂಜಾನೆ ಸೊಲ್ಲಾಪುರದಾಂವ ಬರ್ತಾನ."

"ಮಾರಿ ಏನ್ ಮಾಡ್ತಾನ?"

"ಗಾದಿ ಹಾಕ್ತೇನಿ ಅಂತಾರ. ಹತ್ತಿ ಧೂಳಿಗಿ ಉಸಿರು ಕಟ್ತದ ಅವ್ರಿಗಿ, ನಿಮಗ ಗೊತ್ತದಲ್ಲ."

ನಮ್ಮ ಮನೆಯ ಹೆಂಗಸರು ಸ್ಟ್ಯಾಂಡಿಗೆ ಒಬ್ಬರೇ ನಡೆದು ಹೋಗುತ್ತಿರಲಿಲ್ಲ. ಮರುದಿನ ನಾನು ತಲೆ ತುಂಬ ಸೆರಗು ಹೊದ್ದು ಹೊರಟೆ. ಸೊಲ್ಲಾಪುರದವನು ಆಗಲೇ ಸೀಟಿನಲ್ಲಿ ಕೂತು ಸ್ಟಿಯರಿಂಗ್ ತಿರುವಿ ನೋಡುತ್ತಿದ್ದ. ಯಜಮಾನರು ಎದುರಿನ ಗೊಬ್ಬರದ ಅಂಗಡಿಯಲ್ಲಿದ್ದವರು ನನ್ನನ್ನು ಕಂಡು ಗಾಬರಿಯಿಂದ ಬಂದರು.

"ಏ ಶಾರದೀ ಅವ್ವಾ, ಏನಾತು? ಕೂಸಿಗಿ ಏನಾತು?"

"ಕೂಸು ಆಡಾಕತ್ತದ. ಅವತ್ತು ಗಾಜು ಏರಸು ಅಂದಾಕಿ ನಾ. ಇಂವ ಬ್ಯಾಡ ಅಂದ, ನಾ ಕೇಳಲಿಲ್ಲ. ಕೌದಿ ಕಟ್ಟಿದಾಕಿನೂ ನಾ, ಶಾರದಾನ ಹಿಡದು ಕುಂದರಿಸಿದಾಕಿನೂ ನಾ."

ಇಸ್ಪೀಟು ಆಡುತ್ತಿದ್ದವರ ಎಲೆ ಕೈಯಲ್ಲೇ ನಿಂತವು. ಯಜಮಾನರ ಮುಖ ಕಪ್ಪಾಯಿತು.

"ಇದನ್ನ ಮನ್ಯಾಗ ಹೇಳಾಕ ಬರ್ತಿದ್ದಿಲ್ಲೇನು?"

"ನೀವು ಅಂವಗ ಇಲ್ಲಿ ನಿಂತು ಅಂದಿದ್ರಿ. ಅದಕ್ಕ ನಾನೂ ಇಲ್ಲೇ ನಿಂತು ಹೇಳಾಕತ್ತೇನಿ."

ಶರಫುದ್ದೀನನ ಕಡೆ ತಿರುಗಿ ಕೇಳಿದೆ: "ನೀ ಯಾಕ ಹೇಳ್ಲಿಲ್ಲೋ?"

"ನೀವು ಏರಸು ಅಂದ್ರಿ ಖರೆ ಅಕ್ಕಾ. ಗಾಡಿ ನಂದಲ್ಲೇನು? ಕರೀ ಗಾಡಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಚಹಾಕ್ಕ ಹೋದೆ."

ಯಜಮಾನರು ಗಾಡಿಯ ಬಾಗಿಲ ಮೇಲೆ ಕೈ ಇಟ್ಟರು. ಹಠಮಾರಿ ಮನುಷ್ಯ, ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ, ಅವತ್ತೂ ಕೇಳಲಿಲ್ಲ. "ಜವಳ ಅರ್ಧಕ್ಕ ನಿಂತದ," ಅಂದರು, "ಮುಂದಿನ ಶುಕ್ರವಾರ ಗಾಡಿ ಖಾಲಿ ಇಟಗೋ."

"ಭಾಯ್, ಕೆಳಗ ಇಳೀರಿ," ಎಂದ ಶರಫುದ್ದೀನ ಸೊಲ್ಲಾಪುರದವನಿಗೆ.

ಅತ್ತೆಗೆ ಸುದ್ದಿ ಹೇಳಿದವರು ಯಾರೋ ಗೊತ್ತಿಲ್ಲ. ಆ ಮಧ್ಯಾಹ್ನ ನಾನು ಗಿಂಡಿ ಹಿಡಿದಾಗ ಕುಡಿದಳು, ಆದರೆ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತ ಕುಡಿದಳು.

ಶುಕ್ರವಾರ ಘತ್ತರಗಿಯಲ್ಲಿ ಶರಫುದ್ದೀನ ಗಾಡಿ ನಿಲ್ಲಿಸಿ, ಎಲ್ಲರೂ ಇಳಿಯುವ ತನಕ ಬಾಗಿಲಲ್ಲಿ ನಿಂತ. ಅತ್ತೆ ಗಾಡಿಯಲ್ಲೇ ಇರಲಿ ಎಂದು ಗುರಣ್ಣ ಬಾಯಿ ತೆರೆಯುವುದರೊಳಗೆ ಶರಫುದ್ದೀನನೇ ಅವಳನ್ನು ಬೆನ್ನ ಮೇಲೆ ಹೊತ್ತು ನಡೆದ. ಚಂದ್ರಾಮ ಮಾವನ ತೊಡೆಯ ಮೇಲೆ ಕತ್ತಿಗೆ ಹೆದರಿ ಅತ್ತು ಊರು ಒಂದು ಮಾಡಿದ. ಅತ್ತೆ ಅರ್ಧ ಬಾಯಲ್ಲಿ ನಕ್ಕಳು.

ಊಟಕ್ಕೆ ಕರೆದರೆ ಶರಫುದ್ದೀನ ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಸಾಲಾಗಿ ನಿಂತ ಪರ ಊರಿನ ಗಾಡಿಗಳ ನಡುವೆ, ಒಂದೊಂದರ ಗಾಜಿಗೂ ಹಣೆ ಹಚ್ಚಿ, ಕೈ ಅಡ್ಡ ಹಿಡಿದು ಇಣುಕುತ್ತಿದ್ದ. ಒಬ್ಬ ದಪ್ಪ ಸಾಹುಕಾರ ಅವನ ಹೆಗಲು ಹಿಡಿದು ಎಳೆದ.

"ಏ, ಏನ್ ಕದಿಯಾಕ ನೋಡಾಕತ್ತಿ ನನ್ನ ಗಾಡಿಯಾಗ?"

"ಕೂಸು ಗೀಸು ಅದೇನು ನೋಡಾಕತ್ತೇನ್ರಿ."

"ಯಾವ ಕೂಸು? ಹುಚ್ಚಿದ್ದೀಯೇನು? ಇಲ್ಲ ಯಾವ ಕೂಸೂ."

"ಇಲ್ಲಂದ್ರ ಛಲೋ ಆತ್ರಿ," ಎಂದು ಅವನು ಮುಂದಿನ ಗಾಡಿಗೆ ನಡೆದ.