ವರ್ಸಿತೊ ಊರದ ಬಾವುಟ

ನಮ್ಮಣ್ಣ ವರ್ಸಿತೊ ಹಕ್ಕಿ ಹಾಡಿನ ಸ್ಪರ್ಧೆಯ ತೀರ್ಪುಗಾರ. ಜಾವಾದ ನಮ್ಮ ಬೆಟ್ಟದ ಸೀಮೆಯಲ್ಲಿ ಅವನು ಒಂದು ಪಂಜರದ ಕೆಳಗೆ ಗೆಲುವಿನ ಬಾವುಟ ಊರಿದನೆಂದರೆ ಮರುಮಾತಿಲ್ಲ. ಕಾಡಿನ ಹಕ್ಕಿಗೆ ಅಲ್ಲಿ ಪ್ರವೇಶವಿಲ್ಲ. ಮನೆಯಲ್ಲೇ ಹುಟ್ಟಿದ್ದೆಂಬುದಕ್ಕೆ ಮರಿಯಾಗಿದ್ದಾಗ ಕಾಲಿಗೆ ತೊಡಿಸಿದ ಉಂಗುರವೇ ಸಾಕ್ಷಿ.

ನನ್ನ ಗಂಡ ತುಗಿಮನ್‌ಗೆ ಮರಿ ಸಾಕುವ ತಾಳ್ಮೆ ಎಲ್ಲಿಂದ ಬರಬೇಕು? ಸರ್ಕಾರ ಮುಚ್ಚಿದ ಕಣಿವೆಗೆ ನುಗ್ಗಿ, ಕೊಂಬೆಗೆ ಹಲಸಿನ ಅಂಟು ಬಳಿದು, ಗಂಡು ಎಲೆಹಕ್ಕಿಯೊಂದನ್ನು ಹಿಡಿದು ತಂದ. ಮೈಯೆಲ್ಲ ಎಳೆ ಬಾಳೆಲೆಯ ಹಸಿರು, ಕತ್ತು ಕಪ್ಪು, ಕೊಕ್ಕಿನ ಪಕ್ಕ ನೀಲಿ ಗೆರೆ. ಬಲಿತ ಕಾಲಿಗೆ ಸೋಪು ಹಚ್ಚಿ ಉಂಗುರ ತೂರಿಸಿದ. ಹಕ್ಕಿಯನ್ನು ಬಿಗಿಯಾಗಿ ಹಿಡಿದುಕೊಂಡವಳು ನಾನೇ. ಸಿಕ್ಕಿಬಿದ್ದರೆ ಮಾನ ಹೋಗುವುದು ಅಣ್ಣನದು ಎಂದು ಗೊತ್ತಿದ್ದೂ ಹಿಡಿದೆ.

ಭಾನುವಾರ ಬೆಳಿಗ್ಗೆ ಹದಿನೆಂಟು ಪಂಜರಗಳು ಸಾಲಾಗಿ ತೂಗುತ್ತಿದ್ದವು. ನಾವು ಬೇಲಿಯ ಹೊರಗಿದ್ದೆವು. ನಮ್ಮದು ಒಂದೇ ಸಮನೆ ಹಾಡುತ್ತಿತ್ತು. ಅಣ್ಣ ಬಾವುಟ ಹಿಡಿದು ಅದರ ಕೆಳಗೆ ಬಂದು ಬಗ್ಗಿದ.

ಎಲೆಹಕ್ಕಿ ಹಾಡುವುದೆಲ್ಲ ಸುತ್ತಮುತ್ತಲ ಹಕ್ಕಿಗಳಿಂದ ಕದ್ದದ್ದು. ಇದ್ದಕ್ಕಿದ್ದಂತೆ ಅದು ಮೂರು ಸಲ ಏರುದನಿಯಲ್ಲಿ ಸಿಳ್ಳೆ ಹಾಕಿ, ಕೊನೆಗೆ ಕಿರ್ರೆಂದಿತು. ಅಣ್ಣ ಬಗ್ಗಿದವನು ಹಾಗೇ ನಿಂತ.

"ಯಾಕೆ ಬಾವ, ಬಾವುಟ ಕೈಗೇ ಅಂಟಿಕೊಂಡ್ತಾ?" ಎಂದ ನನ್ನ ಗಂಡ. ಸುತ್ತಲಿದ್ದವರು ನಕ್ಕರು.

"ಇದು ಕಾಡಿನ ಹಕ್ಕಿ ಕಣೋ ತುಗಿಮನ್. ಈ ಕೂಗು ಆ ಮುಚ್ಚಿದ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲ."

"ಕಾಡಿಗೆ ಕಾಲೇ ಇಡದೋರಿಗೆ ಅದು ಹೆಂಗೆ ಗೊತ್ತಾಯ್ತು?"

ಅಣ್ಣ ಹನ್ನೆರಡು ವರ್ಷ ಅಲ್ಲೇ ಕದ್ದು ಅಂಟು ಹಾಕಿದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಬಾಯಿ ಬಿಟ್ಟರೆ ತೀರ್ಪುಗಾರಿಕೆ ಉಳಿಯುವುದಿಲ್ಲ, ಆದ್ದರಿಂದ ಬಿಡಲಾರ ಎಂಬ ಧೈರ್ಯದಲ್ಲೇ ಈ ಮನುಷ್ಯ ಕೆಣಕಿದ್ದು. ನನಗೆ ಗಂಡನ ಮೇಲೆ ಮೈ ಉರಿಯಿತು, ನನ್ನ ಮೇಲೆ ಇನ್ನೂ ಹೆಚ್ಚು.

ಅಣ್ಣ ಎದೆಯ ಮೇಲಿದ್ದ ತೀರ್ಪುಗಾರನ ಬಿಲ್ಲೆ ಬಿಚ್ಚಿ ಬೇಲಿಯ ಮೇಲಿಟ್ಟ. "ಹಿಡಿದು ಹಿಡಿದು ಆ ಕಣಿವೆ ಖಾಲಿ ಮಾಡಿದೋನೇ ನಾನು. ಅದಕ್ಕೇ ಗೊತ್ತು. ಒಂದೂ ಉಳಿದಿಲ್ಲ ಅಂದ್ಕೊಂಡಿದ್ದೆ."

ಅವನು ನನ್ನ ಕಡೆ ತಿರುಗಿದ.

"ಜೊತೆಗೆ ಹೆಣ್ಣು ಇತ್ತೇನೇ?"

"ಇತ್ತಂತೆ ಅಣ್ಣ. ಸ್ಪರ್ಧೆಗೆ ಬರಲ್ಲ ಅಂತ ಬಿಟ್ಟು ಬಂದ್ರು."

"ಬಿಡಿಸಿ ಬಿಟ್ಟನಾ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅದು ಕೊಂಬೆಯ ಅಂಟಿನಲ್ಲೇ ಉಳಿದು ಆಗಲೇ ಒಂಬತ್ತು ದಿನವಾಗಿತ್ತು.