ನಡೆಸುವ ಕೈ, ಮರಗಟ್ಟುವ ಕಾಲು

ಬೆಳಗಿನ ಆರು ಗಂಟೆ. ಮಂಗಳೂರಿನ ಆಸ್ಪತ್ರೆಯೊಂದರ ಮೂರನೇ ಮಹಡಿಯಲ್ಲಿ ಆಯಾ ಅಮ್ಮಣಿಯಕ್ಕ ಎಪ್ಪತ್ತರ ಅಹ್ಮದ್ ಬಾವ ಅವರನ್ನು ಮಂಚದಿಂದ ಏಳಿಸುತ್ತಿದ್ದಾರೆ. ಕುದ್ರೋಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬಾವ ಅವರಿಗೆ ಬೆನ್ನಿನ ಆಪರೇಷನ್ ಆದದ್ದು ನಿನ್ನೆ. "ಸೊಂಟ ತಿರುಗಿಸ್ಬೇಡಿ ಬಾವಾಕ, ಮಗ್ಗುಲಾಗಿ ಏಳಿ. ನನ್ನ ಹೆಗಲು ಉಂಟಲ್ಲ, ಹೆದರಿಕೆ ಎಂತ?"

ನಿಜ ಹೇಳಬೇಕೆಂದರೆ ಹೆಚ್ಚು ಹೆದರಿರುವವರು ಅಮ್ಮಣಿಯಕ್ಕನೇ. ಎರಡು ತಿಂಗಳಿಂದ ಅವರ ಎಡಗಾಲು ಜೋಮು ಹಿಡಿಯುತ್ತಿದೆ. ಮೊನ್ನೆ ಕಾಲಿನಿಂದ ಚಪ್ಪಲಿ ಕಳಚಿ ಹಿಂದೆ ಉಳಿದದ್ದೂ ಗೊತ್ತಾಗಿಲ್ಲ. ಈಗ ಆ ಕಾಲು ಕೈಕೊಟ್ಟರೆ ಹೊಸ ಹೊಲಿಗೆಯ ಬಾವ ಅವರೂ ನೆಲ ಸೇರುತ್ತಾರೆ.

ಐವತ್ತಮೂರರ ಅಮ್ಮಣಿಯಕ್ಕ ಸುರತ್ಕಲ್‌ನಿಂದ ಮೊದಲ ಬಸ್ಸಿಗೆ ಬರುವವರು. ಇಪ್ಪತ್ತೊಂದು ವರ್ಷಗಳಿಂದ ಇದೇ ಕೆಲಸ, ದಿನಕ್ಕೆ ಎಂಟು ಹತ್ತು ಮಂದಿ. ಆಪರೇಷನ್ ಮಾಡಿದ ಡಾಕ್ಟರ ಹೆಸರು ಊರಿಗೆಲ್ಲ ಗೊತ್ತು. ಮೊದಲ ಹೆಜ್ಜೆ ಇಡಿಸಿದ ಆಯಾಳ ಹೆಸರನ್ನು ಯಾರು ಕೇಳುತ್ತಾರೆ ಹೇಳಿ!

ಕೆಳಬೆನ್ನಿನಲ್ಲಿ ನರಗಳು ಹಾಯುವ ದಾರಿ ಕಿರಿದಾದರೆ ಕಾಲಿಗೆ ಸಂಕಟ. ಅದನ್ನು ಬಿಡಿಸುವ ಮೂರು ಬಗೆಯ ಆಪರೇಷನ್‌ಗೂ ಅಮ್ಮಣಿಯಕ್ಕ ತಮ್ಮದೇ ಹೆಸರಿಟ್ಟಿದ್ದಾರೆ. "ತೂತಿನದ್ದು, ಅಂದ್ರೆ ಸಣ್ಣ ತೂತು ಕೊರೆದು ಮಾಡುವುದು, ಅದನ್ನು ಮಾಡಿಸಿದವರು ಮರುದಿನವೇ ಚಾ ಕೇಳ್ತಾರೆ. ಅಗಲಕ್ಕೆ ಕೊಯ್ದು ಎಲುಬು ತೆಗೆಸಿಕೊಂಡವರು ಎರಡು ದಿನ ಮುಖ ಹಿಂಡ್ತಾರೆ. ಸ್ಕ್ರೂ ಹಾಕಿಸಿಕೊಂಡವರು ದೇವರಿಗೂ ಬಯ್ತಾರೆ, ನನಗೂ ಬಯ್ತಾರೆ ಮಾರಾಯ್ರೆ!"

ಇಷ್ಟೆಲ್ಲ ಬಲ್ಲ ಹೆಂಗಸು ತನ್ನ ಕಾಯಿಲೆಯನ್ನು ಮುಚ್ಚಿಟ್ಟದ್ದು ಹೇಗೆ? ಗಾಲಿಕುರ್ಚಿಯಿಂದ. ಮುಂದಕ್ಕೆ ಬಾಗಿದರೆ ಆ ಇಕ್ಕಟ್ಟು ತುಸು ಸಡಿಲಾಗುತ್ತದೆ. ಹಾಗಾಗಿ ಕೆಲಸವಿದ್ದರೂ ಇಲ್ಲದಿದ್ದರೂ ಕುರ್ಚಿಯ ಮೇಲೆ ಭಾರ ಹಾಕಿ ತಳ್ಳುತ್ತಲೇ ಇದ್ದರು. "ಖಾಲಿ ಗಾಡಿ ದೂಡ್ತಿದ್ದೆ. ಸಿಸ್ಟರ್ ಬೇರೆ, ಎಷ್ಟು ಚುರುಕು ಅಂತ ಹೊಗಳಿದ್ರು! ನನಗೆ ಒಳಗೊಳಗೇ ಡವಡವ. ಗೊತ್ತಾದ್ರೆ ವಾರ್ಡಿನಿಂದ ತೆಗೀತಾರೆ ಅಂತ."

ಆದರೆ ರೋಗಿಯನ್ನು ನಡೆಸುವಾಗ ಕುರ್ಚಿ ಎಲ್ಲಿಂದ ಬರಬೇಕು? ಹತ್ತನೇ ಹೆಜ್ಜೆಗೆ ಎಡಗಾಲು ಕುಸಿಯುತ್ತದೆ. ಅಯ್ಯೋ ಎನ್ನುವಷ್ಟರಲ್ಲಿ ಅಮ್ಮಣಿಯಕ್ಕ ಬಾವ ಅವರನ್ನು ಎದೆಗೊತ್ತಿಕೊಂಡು ಗೋಡೆಗೆ ಬೆನ್ನು ಕೊಡುತ್ತಾರೆ. ಗೋಡೆ ಇಬ್ಬರನ್ನೂ ಹಿಡಿದುಕೊಳ್ಳುತ್ತದೆ. ಬಾವ ಬಯ್ಯುವುದಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ಮೆಲ್ಲಗೆ ಹೇಳುತ್ತಾರೆ, "ಅಮ್ಮಣಿಯಕ್ಕ, ನನ್ನ ಕಾಲೂ ಹೀಗೇ ಇತ್ತು. ಮೂರು ವರ್ಷ ಯಾರಿಗೂ ಹೇಳ್ಲಿಲ್ಲ. ನೀವು ಇವತ್ತೇ ಹೋಗಿ ಹೇಳಿ."

ಮಧ್ಯಾಹ್ನವೇ ಅಮ್ಮಣಿಯಕ್ಕ ಬೆನ್ನಿನ ಆಪರೇಷನ್ ಮಾಡುವ ಡಾಕ್ಟರ್ ಶೆರ್ವಿನ್ ಅವರ ಮುಂದೆ ನಿಲ್ಲುತ್ತಾರೆ. ಸ್ಕ್ಯಾನ್ ಆಗುತ್ತದೆ. "ಎಲುಬು ಜಾರಿಲ್ಲ, ಸ್ಕ್ರೂ ಬೇಡ," ಎನ್ನುತ್ತಾರೆ ಡಾಕ್ಟರ್. "ತೂತಿನದ್ದು ಮಾಡಿದ್ರೆ ಬೇಗ ಮನೆಗೆ ಹೋಗ್ಬಹುದು. ಆದ್ರೆ ಒಂದೆರಡು ವರ್ಷ ಕಳೆದ ಮೇಲೆ ನೋಡಿದ್ರೆ ಅದಕ್ಕೂ ಅಗಲಕ್ಕೆ ಕೊಯ್ದದ್ದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಜೋಮು ಪೂರ್ತಿ ಹೋಗ್ತದೆ ಅಂತ ಮಾತ್ರ ಹೇಳ್ಲಿಕ್ಕೆ ಆಗುವುದಿಲ್ಲ."

ಅಮ್ಮಣಿಯಕ್ಕ ದಂಗಾಗುತ್ತಾರೆ. "ನಾನು ನೋಡಿದ್ದೆಲ್ಲ ಮೊದಲ ಮೂರು ದಿನ ಅಲ್ವಾ ಸರ್? ಮನೆಗೆ ಹೋದ ಮೇಲೆ ಅವರೆಲ್ಲ ಹೇಗಿದ್ದಾರೆ ಅಂತ ನನಗೆ ಎಂತ ಗೊತ್ತುಂಟು?"

ಬರುವ ಸೋಮವಾರ ತೂತಿನದ್ದೇ ಎಂದು ನಿಗದಿಯಾಗಿದೆ. ಆಮೇಲೆ ಇನ್ನೊಬ್ಬರ ಭಾರ ಹೊರಬಹುದೆಂದು ಯಾರೂ ಮಾತು ಕೊಟ್ಟಿಲ್ಲ. ಅವರಿಗೆ ನಿದ್ದೆ ಹತ್ತುತ್ತಿಲ್ಲ, ಊಟ ಸೇರುತ್ತಿಲ್ಲ. ಹಾಗಾದರೆ ಹೇಳಿದ್ದು ತಪ್ಪಾಯಿತೇ ಎಂದು ಕೇಳಿದರೆ ಮಾತ್ರ ಮುಖ ಗಂಟಿಕ್ಕುತ್ತಾರೆ.

"ತಪ್ಪು ಎಂತದ್ದು? ಇಷ್ಟು ವರ್ಷದಲ್ಲಿ ನನ್ನ ಹೆಗಲು ಹಿಡಿದವರು ಒಬ್ಬರೂ ನೆಲಕ್ಕೆ ಬೀಳ್ಲಿಲ್ಲ. ಬೀಳಿಸುವ ಮೊದಲು ನಡೆಸುವ ಕೆಲಸ ನಾನೇ ಬಿಟ್ಟುಕೊಟ್ಟೆ."