ಬೆಚ್ಚಿದ್ದನ್ನು ನಾಚಿಕೆಯಾಗಿಸುತ್ತಿದ್ದವಳು

ಆ ಧಾರಾವಾಹಿಯನ್ನು ನೋಡದ ಮನೆ ಆಗ ಕಡಿಮೆ. ಸಂಜೆ ಅದು ಶುರುವಾಗುವ ಹೊತ್ತಿಗೆ ಅಂಗಡಿಯವರು ಗಿರಾಕಿಗಳಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರು ನೋವು ಮರೆತು ಟಿವಿಯ ಕಡೆ ಕುರ್ಚಿ ತಿರುಗಿಸಿಕೊಳ್ಳುತ್ತಿದ್ದರು. ಕತೆಯೇನೂ ದೊಡ್ಡದಲ್ಲ. ಸದಾ ಸಿಡುಕುವ ಶ್ರೀಮಂತ ಹುಡುಗ, ಅವನ ಕಚೇರಿಗೆ ಕೆಲಸಕ್ಕೆ ಬಂದ ಹುಡುಗಿ. ಅವನು ರೇಗುತ್ತಾನೆ, ಅವಳು ಕಣ್ಣು ತುಂಬಿಕೊಳ್ಳುತ್ತಾಳೆ. ಅವನು ಕೈ ಹಿಡಿದು ಎಳೆಯುತ್ತಾನೆ, ಅವಳು ನಾಚುತ್ತಾಳೆ. ಅಷ್ಟೇ. ಆದರೂ ಅವರಿಬ್ಬರು ಎದುರುಬದುರಾದರೆ ನೋಡುವವರ ಮೈ ಜುಮ್ಮೆನ್ನುತ್ತಿತ್ತು. ಇಬ್ಬರ ನಡುವೆ ಎಂಥ ಕೆಮಿಸ್ಟ್ರಿ ಎಂದು ಬಸ್ಸಿನಲ್ಲಿ, ಬ್ಯೂಟಿ ಪಾರ್ಲರಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ ಜನ ಆಡಿಕೊಳ್ಳುತ್ತಿದ್ದರು.

ಆ ಕೆಮಿಸ್ಟ್ರಿ ತಯಾರಾಗುತ್ತಿದ್ದುದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಅಲ್ಲಿ ಎರಡು ಕಂಪ್ಯೂಟರ್, ಸದ್ದು ಮಾಡುವ ಒಂದು ಏಸಿ, ಕೈ ಸವೆದ ಒಂದು ತಿರುಗು ಕುರ್ಚಿ. ಕುರ್ಚಿಯ ಮೇಲೆ ನಲವತ್ತು ದಾಟಿದ ಒಬ್ಬ ಹೆಂಗಸು. ಧಾರಾವಾಹಿಯ ಎಡಿಟರ್ ಅವಳೇ. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಕತ್ತರಿ ಹಿಡಿದು ಫಿಲ್ಮು ಕತ್ತರಿಸುವ ಕಾಲ ಎಂದೋ ಮುಗಿದಿದ್ದರೂ ಹೆಸರು ಮಾತ್ರ ಅಂಟಿಕೊಂಡಿತ್ತು.

ಅವಳ ಕೈಚಳಕ ಅಂಥದ್ದು. ನಾಯಕ ನಾಯಕಿಯನ್ನು ಮೈಮರೆತು ನೋಡುವ ಒಂದು ನೋಟವಿತ್ತು. ಜನ ಅದನ್ನು ಫೋನಿನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಿ ಕಳಿಸಿ ಹಳೆಯದು ಮಾಡಿದ್ದರು. ನಿಜ ಹೇಳಬೇಕೆಂದರೆ, ಊಟದ ಕ್ಯಾರಿಯರ್ ಬಂತೇ ಎಂದು ಅವನು ಬಾಗಿಲ ಕಡೆ ನೋಡಿದ ನೋಟ ಅದು. ಕತ್ತರಿಯಕ್ಕ ಅದನ್ನು ಕಿತ್ತು ತಂದು, ನಿಧಾನ ಮಾಡಿ, ಹಿಂದೆ ಕೊಳಲು ಸೇರಿಸಿ, ನಾಯಕಿ ಕೂದಲು ಸರಿಮಾಡಿಕೊಳ್ಳುವ ಶಾಟಿನ ಮುಂದೆ ಅಂಟಿಸಿದ್ದಳು. "ಹಸಿವಿಗೂ ಪ್ರೀತಿಗೂ ಮುಖ ಒಂದೇ ಥರ ಇರತ್ತೆ" ಎಂದು ಅವಳು ನಗುತ್ತಿದ್ದಳು. ಅವಳ ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. "ನನ್ನನ್ನೂ ಹಾಗೆ ಒಂದ್ಸಲ ಸ್ಲೋ ಮೋಷನ್ನಲ್ಲಿ ನೋಡು ಮಾರಾಯ್ತಿ" ಎಂದು ಅವನೂ ಛೇಡಿಸುತ್ತಿದ್ದ.

ನಗು ನಿಂತದ್ದು ಒಂದು ಮಧ್ಯಾಹ್ನ. ಮೆಟ್ಟಿಲ ಮೇಲಿನ ದೃಶ್ಯವನ್ನು ಜೋಡಿಸುತ್ತಿದ್ದಳು. ನಾಯಕಿ ಕೋಪಗೊಂಡು ಇಳಿದು ಹೋಗುತ್ತಾಳೆ, ನಾಯಕ ಹಿಂದಿನಿಂದ ಬಂದು ಅವಳ ಮಣಿಕಟ್ಟು ಹಿಡಿದು ತನ್ನತ್ತ ಸೆಳೆಯುತ್ತಾನೆ. ಶಾಟ್ ಮುಗಿದು ನಿರ್ದೇಶಕರು ಕಟ್ ಎಂದ ಮೇಲೂ ಕ್ಯಾಮೆರಾ ಸ್ವಲ್ಪ ಹೊತ್ತು ಓಡಿತ್ತು. ಅಂಥ ಬಾಲವನ್ನು ಕತ್ತರಿಯಕ್ಕ ನೋಡದೆಯೇ ಕತ್ತರಿಸುತ್ತಿದ್ದಳು. ಆವತ್ತು ಚಹಾ ಬಂತೆಂದು ಕೈ ತೆಗೆದಳು, ದೃಶ್ಯ ಓಡುತ್ತಲೇ ಹೋಯಿತು. ಪರದೆಯ ಮೇಲೆ ನಾಯಕಿ ಕೈ ಬಿಡಿಸಿಕೊಂಡು ಎರಡು ಮೆಟ್ಟಿಲು ಹಿಂದೆ ಸರಿದಳು. ಮಣಿಕಟ್ಟನ್ನು ಹೊಟ್ಟೆಗೆ ಒತ್ತಿಕೊಂಡಳು. ಅವಳ ಮುಖದಲ್ಲಿ ಏನೂ ಇರಲಿಲ್ಲ, ದೀಪ ಆರಿಸಿದ ಮನೆಯ ಹಾಗೆ. ನಾಯಕ ನಗುತ್ತ ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಮಾತು ಮೈಕಿಗೆ ಸಿಕ್ಕಿರಲಿಲ್ಲ.

ಕತ್ತರಿಯಕ್ಕ ಹಿಂದಕ್ಕೆ ಓಡಿಸಿ ನೋಡಿದಳು. ಅವನ ಕೈ ತಾಗುವ ಮೊದಲೇ ಅವಳ ಹೆಗಲು ಮೇಲೇರುತ್ತಿತ್ತು. ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಹೊಡೆತ ಬೀಳುತ್ತದೆ ಎಂದು ಗೊತ್ತಿರುವವರ ಮೈ ಹಾಗೆ ಮಾಡುತ್ತದೆ. ಅದೇ ತುಣುಕನ್ನು ನಿಧಾನ ಮಾಡಿ ಕೊಳಲು ಸೇರಿಸಿದರೆ ರೆಪ್ಪೆ ಇಳಿದದ್ದು ನಾಚಿಕೆಯಾಗುತ್ತದೆ, ಹೆಗಲು ಏರಿದ್ದು ರೋಮಾಂಚನವಾಗುತ್ತದೆ. ಅವಳಿಗೆ ಅದು ಚೆನ್ನಾಗಿ ಗೊತ್ತು, ಏಕೆಂದರೆ ಹಿಂದಿನ ಸಂಚಿಕೆಗಳಲ್ಲಿ ಅವಳೇ ಹಾಗೆ ಮಾಡಿದ್ದಳು.

ಹಳೆಯ ತುಣುಕುಗಳನ್ನು ತೆಗೆದು ಕೂತಳು. ಮೊದಮೊದಲ ದೃಶ್ಯಗಳಲ್ಲಿ ಕಟ್ ಎಂದ ಕೂಡಲೇ ಇಬ್ಬರೂ ನಗುತ್ತಿದ್ದರು, ಹುಡುಗಿ ಮಾತು ಮರೆತದ್ದಕ್ಕೆ ನಾಲಗೆ ಕಚ್ಚಿಕೊಳ್ಳುತ್ತಿದ್ದಳು. ಬರುಬರುತ್ತ ನಗು ಕಡಿಮೆಯಾಗಿತ್ತು. ಆಮೇಲಾಮೇಲೆ ಕಟ್ ಎಂದದ್ದೇ ತಡ, ಅವಳು ಚೌಕಟ್ಟಿನಿಂದ ಹೊರಗೆ ಹೋಗಿರುತ್ತಿದ್ದಳು. ಚಹಾ ತಣ್ಣಗಾಗಿ ಕೆನೆ ಕಟ್ಟಿತು.

ಮನೆಗೆ ಹೋದರೆ ಅಲ್ಲೂ ನೆಮ್ಮದಿಯಿಲ್ಲ. ಕಾಲೇಜಿಗೆ ಹೋಗುವ ಒಬ್ಬಳೇ ಮಗಳು ಅವಳಿಗೆ. ಮಗಳು ಅಮ್ಮನ ಧಾರಾವಾಹಿಯ ದೊಡ್ಡ ಅಭಿಮಾನಿ. ಈಚೆಗೆ ಅವಳ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಸಹಪಾಠಿ ಹುಡುಗನೊಬ್ಬ. ಕಳ್ಳಾಟವೇನಿರಲಿಲ್ಲ, ಮಗಳೇ ಎಲ್ಲ ಹೇಳಿದ್ದಳು.

"ಯಾಕೆ ಅಷ್ಟು ಸಲ ಮಾಡ್ತಾನೆ?" ಎಂದು ಆ ಸಂಜೆ ಕತ್ತರಿಯಕ್ಕ ಕೇಳಿದಳು.

"ಫೋನ್ ಎತ್ತೋದು ತಡ ಆದ್ರೆ ಅವನಿಗೆ ಸಿಟ್ಟು ಬರತ್ತಮ್ಮ. ಬೇರೆ ಯಾರ ಜೊತೆ ಮಾತಾಡಿದ್ರೂ ಮುಖ ಊದಿಸ್ಕೋತಾನೆ." ಮಗಳು ಅದನ್ನು ದೂರಿನಂತೆ ಹೇಳಲಿಲ್ಲ, ಒಡವೆ ತೋರಿಸುವವರಂತೆ ಹೇಳಿದಳು. "ಪ್ರೀತಿ ಇಲ್ದಿದ್ರೆ ಸಿಟ್ಟು ಯಾಕೆ ಬರತ್ತೆ ಹೇಳು? ನಿಮ್ಮ ಸೀರಿಯಲ್ಲಲ್ಲಿ ನೋಡು, ಅವನು ರೇಗಾಡಿದಷ್ಟೂ ಒಳಗೆ ಎಷ್ಟು ಇಷ್ಟ ಅಂತ ಗೊತ್ತಾಗತ್ತೆ."

ಬೇಡ ಅಂದರೆ ಅಮ್ಮನಿಗೆ ಹೊಟ್ಟೆಕಿಚ್ಚು ಅನ್ನುತ್ತಾಳೆ ಎಂದುಕೊಂಡಳು ಕತ್ತರಿಯಕ್ಕ. ಸುಮ್ಮನಿದ್ದರೆ? ಆಮೇಲೆ ಫೋನು ಬಡಿದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಮಗಳ ಕಡೆ ನೋಡತೊಡಗಿದಳು.

ನಾಯಕಿ ಪಕ್ಕದ ಕೋಣೆಗೆ ಡಬ್ಬಿಂಗಿಗೆ ಬಂದ ದಿನ ಕತ್ತರಿಯಕ್ಕ ಅವಳನ್ನು ಕಾರಿಡಾರಿನಲ್ಲಿ ನಿಲ್ಲಿಸಿದಳು. ಟಿವಿಯಲ್ಲಿ ಕಂಡಷ್ಟು ಎತ್ತರವಿಲ್ಲದ, ತೆಳ್ಳಗಿನ ಹುಡುಗಿ. ಸೆಕೆಯಿದ್ದರೂ ಪೂರ್ತಿ ತೋಳಿನ ಅಂಗಿ ಹಾಕಿದ್ದಳು, ತೋಳಿನ ತುದಿಯಲ್ಲಿ ಮಣಿಕಟ್ಟಿನ ನೀಲಿಗಟ್ಟಿದ ಕಲೆ ಇಣುಕುತ್ತಿತ್ತು.

"ಕೈ ಏನಾಯ್ತಮ್ಮ?"

"ವಾಚು ಒತ್ತಿದ್ದು ಅಕ್ಕ."

"ವಾಚು ಇನ್ನೊಂದು ಕೈಯಲ್ಲಲ್ವಾ ಇರೋದು?"

ಹುಡುಗಿ ಹಿಂದೆ ಮುಂದೆ ನೋಡಿದಳು. ಆಮೇಲೆ ಗೋಡೆಗೆ ಆನಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು. "ಒಂದ್ಸಲ ಹೇಳ್ದೆ ಅಕ್ಕ, ನೋಯತ್ತೆ, ಸ್ವಲ್ಪ ಹಗುರ ಹಿಡೀರಿ ಅಂತ. ಆವತ್ತಿಂದ ಇನ್ನೂ ಜೋರಾಗಿ ಹಿಡೀತಾರೆ. ಕಣ್ಣಲ್ಲಿ ನೀರು ಬಂತು. ಸೀನ್ ಚೆನ್ನಾಗಿ ಬಂತು ಅಂತ ಎಲ್ರೂ ಚಪ್ಪಾಳೆ ಹೊಡೆದ್ರು. ಆಮೇಲೆ ಏನಂತ ಹೇಳ್ಲಿ?"

"ಮನೇಲಿ ಗೊತ್ತಾ?"

"ಅಮ್ಮಂಗೆ ಹೇಳಿದ್ರೆ ಊಟ ಬಿಡ್ತಾಳೆ. ದಿನಾ ಅಕ್ಕಪಕ್ಕದವರನ್ನ ಕೂರಿಸ್ಕೊಂಡು ನೋಡ್ತಾಳೆ ನನ್ನ. ದಯವಿಟ್ಟು ಯಾರ ಹತ್ರನೂ ಬಾಯಿ ಬಿಡ್ಬೇಡಿ." ಯಾರೋ ಬರುವ ಸದ್ದಾಯಿತು. ಹುಡುಗಿ ತೋಳು ಕೆಳಗೆಳೆದುಕೊಂಡು ಒಳಗೆ ಹೋದಳು.

ಹುಡುಗಿ ಹೇಳಿದ್ದನ್ನು ಎತ್ತದೆ, ಸುತ್ತಿ ಬಳಸಿ ಕತ್ತರಿಯಕ್ಕ ನಿರ್ದೇಶಕರ ಹತ್ತಿರ ಮಾತು ತೆಗೆದಳು. ನಿರ್ದೇಶಕರು ಕೆಟ್ಟವರಲ್ಲ. ಚಾನೆಲ್ಲಿನ ಫೋನು ಬಂದರೆ ಎದ್ದು ನಿಂತು ಮಾತಾಡುವ, ಸದಾ ತಲೆನೋವಿನ ಮಾತ್ರೆ ನುಂಗುವ ಮನುಷ್ಯ.

"ಆ ಹುಡುಗಿ ನಿಜವಾಗಿ ಬೆಚ್ತಾಳೆ ಸರ್. ಅದು ಆ್ಯಕ್ಟಿಂಗ್ ಅಲ್ಲ."

"ಅದಕ್ಕೇ ಅಕ್ಕ ಅಷ್ಟು ಚೆನ್ನಾಗಿರೋದು. ಬೇರೆ ಯಾವ ಜೋಡಿಗೆ ಆ ಕರೆಂಟ್ ಇದೆ? ನೀವು ಅದನ್ನ ಮುಟ್ಬೇಡಿ. ಮೆಟ್ಟಿಲ ಸೀನಿಗೆ ಇನ್ನೊಂಚೂರು ಸ್ಲೋ ಕೊಡಿ. ವಾರದ ಕೊನೇ ಎಪಿಸೋಡು ಅದೇ."

ಕತ್ತರಿಯಕ್ಕ ವಾಪಸ್ಸು ಬಂದು ಕುರ್ಚಿಯಲ್ಲಿ ಕೂತಳು. ಕೈ ಮೌಸಿನ ಮೇಲಿತ್ತು, ಮನಸ್ಸು ಎಲ್ಲೋ ಇತ್ತು. ಒಂದು ಮಾತು ಹೆಚ್ಚು ಆಡಿದರೆ ಹುಡುಗಿಯ ಕೆಲಸಕ್ಕೇ ಸಂಚಕಾರ. ತನ್ನ ಕೆಲಸಕ್ಕೂ. ಆಡದಿದ್ದರೆ ನಾಳೆ ಊರಿಗೂರೇ ಆ ನೋವನ್ನು ನೋಡಿ ಆಹಾ ಎನ್ನುತ್ತದೆ, ತನ್ನ ಮಗಳೂ ಎನ್ನುತ್ತಾಳೆ.

ಮರುದಿನ ಮಗಳಿಗೆ ರಜೆ. "ಸ್ಟುಡಿಯೋಗೆ ಬರ್ತೀಯಾ?" ಎಂದದ್ದಕ್ಕೆ ಕುಣಿದುಕೊಂಡು ಬಂದಳು. ಕತ್ತರಿಯಕ್ಕ ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿ ಮೊದಲು ಸಿಂಗಾರ ಮಾಡಿದ ಮೆಟ್ಟಿಲ ದೃಶ್ಯ ತೋರಿಸಿದಳು. ಮಗಳು ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಕತ್ತರಿಯಕ್ಕ ಕೊಳಲು ತೆಗೆದಳು, ನಿಧಾನ ತೆಗೆದಳು, ಬಾಲವನ್ನು ಉಳಿಸಿದಳು. ಈಗ ದೃಶ್ಯ ಮುಗಿಯಲು ಕ್ಷಣವೂ ಹಿಡಿಯಲಿಲ್ಲ. ಬೂಟಿನ ಸದ್ದು, ಬಟ್ಟೆಯ ಸರಪರ, ಹುಡುಗಿ ಉಸಿರು ಎಳೆದುಕೊಂಡ ಸದ್ದು. ಆಮೇಲೆ ಹೊಟ್ಟೆಗೆ ಒತ್ತಿಕೊಂಡ ಕೈ.

"ಇನ್ನೊಂದ್ಸಲ ಹಾಕು" ಎಂದಳು ಮಗಳು. ಹಾಕಿದಳು.

"ಅವಳಿಗೆ ನೋವಾಗ್ತಿದೆ ಅಲ್ವಾ?"

"ಹೂಂ."

"ಮತ್ತೆ ನೀನ್ಯಾಕೆ ಅದಕ್ಕೆ ಮ್ಯೂಸಿಕ್ ಹಾಕ್ದೆ?"

ಕತ್ತರಿಯಕ್ಕ ಪರದೆ ಆರಿಸಿ, ಮಗಳ ಚೀಲ ಎತ್ತಿ ಕೊಟ್ಟಳು. ಬಸ್ಸಿನಲ್ಲಿ ಹೋಗುವಾಗ ಮಗಳು ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಫೋನು ಬಡಿಯಿತು. ತೆಗೆದು ನೋಡಿ ಮತ್ತೆ ಚೀಲದೊಳಗೆ ಹಾಕಿದಳು.

ವಾರದ ಕೊನೆಯ ಸಂಚಿಕೆಯನ್ನು ಚಾನೆಲ್ಲಿಗೆ ಕಳಿಸುವ ಗಳಿಗೆ ಬಂತು. ನಿರ್ದೇಶಕರು ಹೊರಾಂಗಣ ಚಿತ್ರೀಕರಣದಲ್ಲಿದ್ದರು. "ಎಂದಿನ ಹಾಗೆ ನೀವೇ ನೋಡಿ ಕಳಿಸ್ಬಿಡಿ ಅಕ್ಕ" ಎಂದಿದ್ದರು. ಕತ್ತರಿಯಕ್ಕ ಮೆಟ್ಟಿಲ ದೃಶ್ಯವನ್ನು ತೆರೆದಳು. ಕೊಳಲು ತೆಗೆದಳು. ವೇಗವನ್ನು ಇದ್ದಷ್ಟೇ ಬಿಟ್ಟಳು. ಹುಡುಗಿ ಉಸಿರೆಳೆದುಕೊಂಡ ಸದ್ದನ್ನು ಹಾಗೇ ಉಳಿಸಿದಳು. ಕಟ್ ಎಂದ ನಂತರದ್ದನ್ನು ಸೇರಿಸಲಿಲ್ಲ, ಅದು ಆ ಹುಡುಗಿಯ ಸ್ವಂತದ್ದು. ಕಳಿಸುವ ಬಟನ್ ಒತ್ತಿದ ಮೇಲೆ ಬಾತ್ರೂಮಿಗೆ ಹೋಗಿ ಮುಖಕ್ಕೆ ನೀರು ಚಿಮುಕಿಸಿಕೊಂಡಳು.

ಆ ಸಂಜೆ ಅವಳಿಗೆ ಟಿವಿ ಮುಂದೆ ಕೂರಲಾಗಲಿಲ್ಲ. ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತಳು. ದೃಶ್ಯ ಬಂತು, ಹೋಯಿತು. "ಇದೇನು, ಇವತ್ತು ಜಗಳ ಜೋರಾಗಿದೆ?" ಎಂದು ಗಂಡ ಮಾತ್ರ ಕೇಳಿದ.

ಮರುದಿನ ಜನ ಎರಡು ಪಾಲಾಗಿದ್ದರು. ಸೀನು ಸಪ್ಪೆ, ಏನೂ ಫೀಲ್ ಆಗಲಿಲ್ಲ ಎಂದು ಬಹಳ ಮಂದಿ ಮೂಗು ಮುರಿದಿದ್ದರು. ಕೆಲವರು ಮಾತ್ರ, ಆ ಹುಡುಗಿ ಹೆದರಿದ್ದಾಳಾ ಎಂದು ಕೇಳಿದ್ದರು. ಚಾನೆಲ್ಲಿನಿಂದ ಫೋನಿನ ಮೇಲೆ ಫೋನು. ನಿರ್ದೇಶಕರು ತಲೆ ಮೇಲೆ ಕೈಹೊತ್ತು ಕೂತರು. "ಎಂಥ ಕೆಲಸ ಮಾಡಿಟ್ರಿ ಅಕ್ಕ" ಎಂದರು, ಬೈಯಲೂ ಶಕ್ತಿಯಿಲ್ಲದವರ ಹಾಗೆ.

ಕತ್ತರಿಯಕ್ಕ ಎಣಿಸದೇ ಇದ್ದದ್ದು ಇನ್ನೊಂದು. ನಾಯಕಿಯ ತಾಯಿ ಆ ಸಂಚಿಕೆಯನ್ನು ಅಕ್ಕಪಕ್ಕದವರ ಜೊತೆ ಕೂತು ನೋಡಿದ್ದಳು. ಜ್ವರದಲ್ಲಿ, ಇಂಜೆಕ್ಷನ್ನಿನ ಮುಂದೆ, ಕತ್ತಲಲ್ಲಿ ಮಗಳು ಹೇಗೆ ಉಸಿರು ಎಳೆದುಕೊಳ್ಳುತ್ತಾಳೆಂದು ಬಲ್ಲ ತಾಯಿ. ಮಗಳಿಗೆ ಫೋನು ಮಾಡಿ ಏನನ್ನೂ ಕೇಳಲಿಲ್ಲ. ಬೆಳಗಿನ ಬಸ್ಸು ಹತ್ತಿ ಸೀದಾ ಸೆಟ್ಟಿಗೆ ಬಂದಳು. ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಾನೇ ಎಳೆದುಕೊಂಡು ಕ್ಯಾಮೆರಾದ ಪಕ್ಕ ಕೂತಳು. ಯಾರೋ ಆಚೆ ಕೂರಿ ಎಂದರೆ, "ಇಲ್ಲಿಂದ ಚೆನ್ನಾಗಿ ಕಾಣತ್ತೆ" ಎಂದಳು.

ಕೈ ಹಿಡಿಯುವ ದೃಶ್ಯ ಬಂದಾಗ ನಾಯಕನನ್ನು ಕರೆದು, ಎಲ್ಲರಿಗೂ ಕೇಳುವಂತೆ, ಆದರೆ ದನಿ ಏರಿಸದೆ ಹೇಳಿದಳು: "ನೋಡಪ್ಪಾ, ಇದು ನನ್ನ ಮಗಳ ಕೈ. ಹಿಡಿಯೋವಾಗ ಹಗುರ ಇರ್ಲಿ. ನಾನು ಇಲ್ಲೇ ಇರ್ತೀನಿ."

ನಾಯಕ ಕಿವಿಯವರೆಗೂ ಕೆಂಪಾದ. ಲೈಟಿನವರು ಲೈಟು ನೋಡಿದರು, ನಿರ್ದೇಶಕರು ಕಾಗದ ನೋಡಿದರು. ಆವತ್ತಿನಿಂದ ಅವನ ಕೈ ಹಗುರಾಯಿತು. ಕಡೆಯ ದಿನದವರೆಗೂ ತಾಯಿ ಆ ಕುರ್ಚಿ ಬಿಡಲಿಲ್ಲ.

ಕೆಮಿಸ್ಟ್ರಿ ಮಾಯವಾಯಿತು ಎಂದು ಜನ ಗೊಣಗಿದರು. ಕರಾರು ಮುಗಿದ ಮೇಲೆ ಹುಡುಗಿ ಧಾರಾವಾಹಿ ಬಿಟ್ಟಳು. ಕತೆಯಲ್ಲಿ ಅವಳನ್ನು ವಿದೇಶಕ್ಕೆ ಕಳಿಸಿ ಹೊಸ ನಾಯಕಿಯನ್ನು ತಂದರು. ಕತ್ತರಿಯಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ, ಬೆಳಗಿನ ಆರೋಗ್ಯ ಕಾರ್ಯಕ್ರಮಕ್ಕೆ ಹಾಕಿದರು. ಅಲ್ಲಿ ಡಾಕ್ಟರು ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ, ಯಾರೂ ಯಾರನ್ನೂ ಎಳೆಯುವುದಿಲ್ಲ. ಧಾರಾವಾಹಿಯ ಹೊಸ ನಾಯಕಿ ಇನ್ನೂ ಚಿಕ್ಕವಳು. ಕ್ಯಾಂಟೀನಿನಲ್ಲಿ ಕಂಡಾಗಲೆಲ್ಲ ಕತ್ತರಿಯಕ್ಕ ಅವಳ ಪಕ್ಕದಲ್ಲಿ ಹೋಗಿ ಕೂರುತ್ತಾಳೆ, ಊಟ ಆಯ್ತಾ ಎಂದು ಕೇಳುತ್ತಾಳೆ. ಅದಕ್ಕಿಂತ ಹೆಚ್ಚು ಏನು ಕೇಳಬೇಕೆಂದು ಅವಳಿಗೆ ತಿಳಿದಿಲ್ಲ.

ಮಗಳ ವಿಷಯ ಬೇಗ ಬಗೆಹರಿಯಲಿಲ್ಲ. ಸ್ಟುಡಿಯೋಗೆ ಬಂದು ಹೋದ ಮೇಲೆ ಅವಳು ಆ ಹುಡುಗನ ಫೋನು ಎತ್ತುವುದು ಕಡಿಮೆಯಾಯಿತು. ಅವನು ಬಸ್ ಸ್ಟಾಪಿನಲ್ಲಿ ನಿಲ್ಲುವುದು ಹೆಚ್ಚಾಯಿತು. ಕತ್ತರಿಯಕ್ಕ ಕೆಲಸಕ್ಕೆ ತಡವಾದರೂ ಸರಿ ಎಂದು ದಿನವೂ ಮಗಳ ಜೊತೆ ಸ್ಟಾಪಿನವರೆಗೆ ನಡೆಯತೊಡಗಿದಳು. ಒಂದು ದಿನ ಹುಡುಗ ನೆಟ್ಟಗೆ ಎದುರಿಗೇ ಬಂದ.

"ನಿನ್ನೆಯೆಲ್ಲ ಎಲ್ಲಿದ್ದೆ? ಒಂದು ಮೆಸೇಜಿಗೂ ಉತ್ತರ ಇಲ್ಲ" ಎನ್ನುತ್ತ ಮಗಳ ಕೈಗೆ ಕೈ ಚಾಚಿದ. ಕತ್ತರಿಯಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಮಗಳು ಕೈಯನ್ನು ಚೀಲದ ಪಟ್ಟಿಯ ಕೆಳಗೆ ಸೇರಿಸಿಕೊಂಡಿದ್ದಳು.

"ಮುಟ್ಬೇಡ. ಮಾತು ಇದ್ರೆ ಅಲ್ಲೇ ನಿಂತು ಮಾತಾಡು" ಎಂದಳು. ಉಳಿದದ್ದನ್ನೂ ಹೇಳಿಬಿಟ್ಟಳು. "ನನಗೆ ನಿನ್ನ ಸಿಟ್ಟು ಕಂಡ್ರೆ ಭಯ ಆಗತ್ತೆ. ಇಷ್ಟು ದಿನ ಅದು ಬೇರೆ ಏನೋ ಅಂದ್ಕೊಂಡಿದ್ದೆ."

ಹುಡುಗ ಅಮ್ಮನನ್ನೂ ಮಗಳನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದ. ಏನೋ ಹೇಳಲು ಹೊರಟು, ಸುತ್ತಲಿನವರು ತಿರುಗಿ ನೋಡುತ್ತಿದ್ದುದರಿಂದ ನಿಲ್ಲಿಸಿದ. ಬಸ್ಸು ಬಂತು. ತಾಯಿ ಮಗಳು ಹತ್ತಿದರು. ನಾಳೆ ಮತ್ತೆ ನಿಂತಿರುತ್ತಾನೋ ಇಲ್ಲವೋ, ಇಬ್ಬರಿಗೂ ಗೊತ್ತಿರಲಿಲ್ಲ. ಸೀಟು ಇರಲಿಲ್ಲ. ಇಬ್ಬರೂ ಒಂದೇ ಕಂಬಿ ಹಿಡಿದು ನಿಂತರು. ಕತ್ತರಿಯಕ್ಕ ಚಿಲ್ಲರೆಗೆಂದು ಪರ್ಸು ತೆರೆದಳು. ಬಸ್ಸು ಕುಲುಕಿ ನಾಣ್ಯಗಳು ಕೆಳಗೆ ಚೆಲ್ಲಿದವು. ಮಗಳು ಬಗ್ಗಿ ಒಂದೊಂದನ್ನೇ ಆಯ್ದು ಕೊಟ್ಟಳು.